ಗುಂಡಿನ ಗಾತ್ರವೂ ಗಾಯದ ಲೆಕ್ಕವೂ

ಆಫ್ರಿಕಾ ಖಂಡದ ಹುಲ್ಲುಬಯಲುಗಳಿಗೆ ಮೃಗಯೆಯನ್ನು ಉದ್ದೇಶಿಸಿ ಹೊರಡುವ ಶ್ರೀಮಂತನು, ಪ್ರಯಾಣದ ಏರ್ಪಾಟಿಗಿಂತಲೂ ವಸತಿಯ ಚಿಂತೆಗಿಂತಲೂ ಮೊದಲು, ಯಾವ ಗಾತ್ರದ ಗುಂಡು ಹಾರಿಸುವ ರೈಫಲನ್ನು ಜೊತೆಯಲ್ಲಿ ಒಯ್ಯತಕ್ಕದ್ದೆಂಬ ಪ್ರಶ್ನೆಯನ್ನೆತ್ತಿಕೊಂಡು ತಿಂಗಳುಗಟ್ಟಲೆ ಚರ್ಚಿಸುತ್ತಾನೆ. ಈ ಚರ್ಚೆಗೆ ಗ್ರಂಥಗಳುಂಟು, ಪಂಥಗಳುಂಟು, ಗುರುಪರಂಪರೆಯೂ ಉಂಟು. ಇಂಡಿಯ ನಿಂಬೆಯ ತೋಟದ ಬದಿಯಲ್ಲಿಯೋ, ಸಿಂದಗಿಯ ತೊಗರಿಯ ಹೊಲದಲ್ಲಿಯೋ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಕಾಲುವೆಯಂಚಿನ ಕಬ್ಬಿನ ಪಡದಲ್ಲಿಯೋ ಕಂಬಳಿ ಹೊದ್ದು ರಾತ್ರಿ ಕಾವಲು ಕೂತಿರುವ ನಮ್ಮ ರೈತನಿಗೂ ಆ ಶ್ರೀಮಂತನ ಪ್ರಶ್ನೆಗೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟೆಂಬುದೂ, ಆ ಸಂಬಂಧವು ನೂರೈವತ್ತು ವರ್ಷಕ್ಕೂ ಹಿಂದಿನದೆಂಬುದೂ, ಅದನ್ನು ನಾವು ಮರೆತದ್ದರ ಫಲವನ್ನು ಇಂದು ರೈತನೂ ಕಾಡಹಂದಿಯೂ ಸಮನಾಗಿ ಉಣ್ಣುತ್ತಿರುವರೆಂಬುದೂ ಈ ಲೇಖನದ ವಾದ.

ಮೊದಲು ಆ ಶ್ರೀಮಂತನ ಪ್ರಶ್ನೆಯನ್ನೇ ನೋಡೋಣ. ರೈಫಲಿನ ಗಾತ್ರವೆಂದರೆ ಅದರ ನಳಿಗೆಯ ಒಳವ್ಯಾಸ. ಇಂಗ್ಲಿಷರ ರೂಢಿಯಲ್ಲಿ ಅದನ್ನು ಅಂಗುಲದ ದಶಮಾಂಶದಲ್ಲಿ ಹೇಳುತ್ತಾರೆ. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯವರು ಹೊರತಂದ .375 ಮ್ಯಾಗ್ನಮ್ ಎಂಬುದು, ಅಂದರೆ ಒಂಬತ್ತೂವರೆ ಮಿಲಿಮೀಟರ್ ದಪ್ಪದ ಗುಂಡು, ಆಫ್ರಿಕದ ಬೇಟೆಯಲ್ಲಿ ಇಂದಿಗೂ ಅಳತೆಗೋಲಾಗಿ ನಿಂತಿದೆ. ಸುಮಾರು ಹತ್ತೊಂಬತ್ತು ಗ್ರಾಂ ತೂಕದ ಗುಂಡನ್ನು ಅದು ಸೆಕೆಂಡಿಗೆ 760 ಮೀಟರ್ ವೇಗದಲ್ಲಿ ಹೊರದೂಡುತ್ತದೆ. ಆ ಗುಂಡು ನಳಿಗೆಯ ತುದಿಯನ್ನು ಬಿಡುವಾಗ ಅದರಲ್ಲಿರುವ ಶಕ್ತಿ ಸುಮಾರು 5,600 ಜೂಲ್. ಪಾಠಶಾಲೆಯ ಭೌತಶಾಸ್ತ್ರವನ್ನು ಮರೆತವರಿಗೆ ಹೇಳುವುದಾದರೆ, ಕ್ವಿಂಟಲ್ ತೂಕದ ಐದಾರು ಜೋಳದ ಚೀಲಗಳನ್ನು ಒಟ್ಟಿಗೆ ಒಂದು ಮೀಟರ್ ಎತ್ತರಕ್ಕೆ ಎತ್ತುವಷ್ಟು ಶಕ್ತಿ ಅದು. ನಮೀಬಿಯ ದೇಶದ ಕಾನೂನು ಈ ಲೆಕ್ಕವನ್ನು ಬೇಟೆಗಾರನ ಇಚ್ಛೆಗೆ ಬಿಟ್ಟಿಲ್ಲ. ಸ್ಪ್ರಿಂಗ್‌ಬಕ್ ಎಂಬ ಸಣ್ಣ ಹುಲ್ಲೆಗೆ ಕಡಮೆಯೆಂದರೆ 1,350 ಜೂಲ್, ಕುಡು ಮತ್ತು ಓರಿಕ್ಸ್‌ಗಳಂತಹ ದೊಡ್ಡ ಹುಲ್ಲೆಗಳಿಗೆ 2,700, ಆನೆ ಮತ್ತು ಕಾಡೆಮ್ಮೆಗೆ 5,400. ಇದಕ್ಕಿಂತ ಕಡಮೆಯ ಶಕ್ತಿಯ ಬಂದೂಕನ್ನು ಹಿಡಿದು ಆ ಪ್ರಾಣಿಯ ಮುಂದೆ ನಿಲ್ಲುವುದೇ ಅಪರಾಧ. ಆಫ್ರಿಕದ ಬೇರೆ ಅನೇಕ ದೇಶಗಳಲ್ಲಿ ಅಪಾಯಕಾರಿ ಮೃಗಗಳಿಗೆ .375 ಎಂಬುದೇ ಕೆಳಗಿನ ಮಿತಿ. ಮೇಲಕ್ಕೆ ಎಷ್ಟಾದರೂ ಹೋಗಬಹುದು, ಕೆಳಗೆ ಇಳಿಯುವಂತಿಲ್ಲ.

ಈ ನಿಯಮ ಹುಟ್ಟಿದ್ದು ಬೇಟೆಗಾರನ ಪ್ರಾಣರಕ್ಷಣೆಗಾಗಿ ಮಾತ್ರವೆಂದು ತಿಳಿಯಬಾರದು. ಸ್ಪ್ರಿಂಗ್‌ಬಕ್ ಯಾರನ್ನೂ ಕೊಲ್ಲುವುದಿಲ್ಲ. ಆದರೂ ಅದಕ್ಕೊಂದು ಕನಿಷ್ಠ ಮಿತಿಯನ್ನು ಕಾನೂನು ಬರೆದಿಟ್ಟದ್ದು, ಅರೆಗಾಯವಾಗಿ ಓಡಿಹೋದ ಪ್ರಾಣಿ ಪೊದೆಯಲ್ಲಿ ಬಿದ್ದು ದಿನಗಟ್ಟಲೆ ಕೊಳೆತು ಸಾಯಬಾರದೆಂಬ ಒಂದೇ ಕಾರಣದಿಂದ.

ಹಾಗೆಂದು ದೊಡ್ಡ ಗುಂಡೇ ಎಲ್ಲವೂ ಅಲ್ಲವೆಂಬುದಕ್ಕೆ ಆ ಖಂಡದ ಬೇಟೆಯ ಇತಿಹಾಸದಲ್ಲಿಯೇ ಒಬ್ಬ ಸಾಕ್ಷಿಯಿದ್ದಾನೆ. ಕರಮೋಜೊ ಬೆಲ್ ಎಂದು ಪ್ರಸಿದ್ಧನಾದ ಸ್ಕಾಟ್ಲೆಂಡಿನ ವಾಲ್ಟರ್ ಬೆಲ್, ದಂತದ ವ್ಯಾಪಾರಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು, ಅವುಗಳಲ್ಲಿ ಬಹುಪಾಲನ್ನು ಏಳು ಮಿಲಿಮೀಟರಿನ ಸಣ್ಣ ರೈಫಲಿನಿಂದಲೇ ಕೊಂದನು. ಸತ್ತ ಆನೆಯ ತಲೆಯನ್ನು ಗರಗಸದಿಂದ ನೆಟ್ಟಗೆ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ನೋಡಿದರೆ ಅದು ಕಿವಿಗೆ ಹತ್ತಿರ, ಯಾವ ಕೋನದಿಂದ ಕಣ್ಣಿಗೆ ಹತ್ತಿರ ಎಂಬುದನ್ನು ಅವನು ವೈದ್ಯವಿದ್ಯಾರ್ಥಿಯಂತೆ ಅಭ್ಯಾಸಮಾಡಿದ್ದನು. ಅವನ ಕೈಯಲ್ಲಿ ಸಣ್ಣ ಗುಂಡು ಸಾಕಾದದ್ದು ಈ ಅಭ್ಯಾಸದ ಬಲದಿಂದ. ಅವನನ್ನು ಅನುಕರಿಸಲು ಹೋದವರ ಕೈಯಲ್ಲಿ ಅದೇ ಗುಂಡು ಏನಾಯಿತೆಂಬುದನ್ನು ಅಲ್ಲಿಯ ಸರ್ಕಾರಗಳು ಕಂಡದ್ದರಿಂದಲೇ ಕನಿಷ್ಠದ ಕಾನೂನು ಅಗತ್ಯವಾಯಿತೆಂದು ನಾನು ಊಹಿಸುತ್ತೇನೆ. ಕಾನೂನು ನಿಪುಣನಿಗಾಗಿ ಬರೆಯುವಂಥದ್ದಲ್ಲ. ಸಾಧಾರಣನ ಕೈ ನಡುಗುವುದೆಂಬುದನ್ನು ಮುಂಗಂಡು ಬರೆಯುವಂಥದ್ದು.

ಕನ್ನಡದ ಓದುಗರಿಗೆ ಈ ಲೋಕ ಪೂರ್ತಿ ಅಪರಿಚಿತವೇನಲ್ಲ. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯ ಮೂಲಕ ನಮ್ಮ ಮನೆಮನೆಗೆ ಬಂದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ನನು ನರಭಕ್ಷಕಗಳ ಬೆನ್ನುಹತ್ತಿ ಹೋಗುವಾಗ ಹಿಡಿದಿರುತ್ತಿದ್ದ .405 ವಿಂಚೆಸ್ಟರ್ ರೈಫಲು, ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್ವೆಲ್ಟನು 1909ರಲ್ಲಿ ಪೂರ್ವ ಆಫ್ರಿಕಕ್ಕೆ ಸಿಂಹಗಳ ಬೇಟೆಗೆಂದು ಕೊಂಡೊಯ್ದ ರೈಫಲಿನ ಸೋದರನೇ ಆಗಿತ್ತು. ಆದರೆ ಇದು ಗೌಣ. ಭಾರತಕ್ಕೂ ಆಫ್ರಿಕದ ಬೇಟೆ ಬಂದೂಕಿಗೂ ಇದಕ್ಕಿಂತ ಎಷ್ಟೋ ಗಾಢವಾದ ನಂಟೊಂದಿದ್ದು, ಅದರ ಬೇರು ನಮ್ಮ ಹಳೆಯ ವಿಜಾಪುರ ಸೀಮೆಯ ಮಣ್ಣಿನವರೆಗೂ ಇಳಿದಿದೆ.

1857ರ ದಂಗೆಯ ಬಿಸಿಯಲ್ಲಿ ಕಂಪನಿ ಸರ್ಕಾರವು ನಿಶ್ಶಸ್ತ್ರೀಕರಣದ ಕಾಯಿದೆಯೊಂದನ್ನು ಮಾಡಿ, ಯಾರ ಬಳಿ ಆಯುಧವಿದ್ದರೂ ತಂದೊಪ್ಪಿಸಿ ಅನುಮತಿ ಪಡೆಯಬೇಕೆಂದು ವಿಧಿಸಿದಾಗ, ಕೃಷ್ಣೆಯ ಆಚೆ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯೆಂಬ ಹಳ್ಳಿಯ ಬೇಡರು ಆ ಆಜ್ಞೆಯನ್ನು ಧಿಕ್ಕರಿಸಿದರು. ಬೇಟೆಯೇ ಕುಲವೃತ್ತಿಯಾಗಿದ್ದ ಜನಕ್ಕೆ ಆಯುಧವನ್ನು ಒಪ್ಪಿಸುವುದೆಂದರೆ ಜೀವನವನ್ನೇ ಒಪ್ಪಿಸಿದಂತೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಕೆಲವರನ್ನು ಮುಧೋಳದಲ್ಲಿಯೂ ಕೆಲವರನ್ನು ಹಲಗಲಿಯಲ್ಲಿಯೂ ನೇಣಿಗೇರಿಸಿದರು. ಇಂಗ್ಲಿಷ್ ಅಧಿಕಾರಿ ಫ್ಲೀಟನು ಸಂಗ್ರಹಿಸಿದ ಲಾವಣಿಗಳಲ್ಲಿ ಹಲಗಲಿಯದೂ ಒಂದಾಗಿ, ಆ ಕಥೆ ಇಂದಿಗೂ ನಮ್ಮ ಶಾಲೆಯ ಪಠ್ಯಗಳಲ್ಲಿ ಬದುಕಿದೆ. ತಾತ್ಕಾಲಿಕವಾಗಿ ಹುಟ್ಟಿದ ಆ ಅಂಜಿಕೆಯನ್ನು 1878ರಲ್ಲಿ ಲಿಟ್ಟನ್ನನ ಸರ್ಕಾರ ಶಾಶ್ವತವಾದ ಆಯುಧ ಕಾಯಿದೆಯನ್ನಾಗಿ ಮಾಡಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ. ಕೊಡಗಿನ ಕೊಡವರಿಗೂ ಅವರ ನಿಷ್ಠೆಯನ್ನು ಮೆಚ್ಚಿ ಕೊಟ್ಟ ವಿನಾಯಿತಿ ಇಂದಿನವರೆಗೂ ನಡೆದು ಬಂದಿದೆ. ಉಳಿದ ಭಾರತೀಯನು ಬಂದೂಕು ಹಿಡಿಯಬೇಕಾದರೆ ಸರ್ಕಾರದ ಕೃಪೆ ಬೇಕಾಯಿತು. ರಕ್ಕಸಗಿ ತಂಗಡಗಿಗಳ ಬಯಲಿನಲ್ಲಿ 1565ರಷ್ಟು ಹಿಂದೆಯೇ ಫಿರಂಗಿಗಳ ಆರ್ಭಟವನ್ನು ಕೇಳಿದ್ದ, ಎಪ್ಪತ್ತು ಸೆಂಟಿಮೀಟರ್ ಬಾಯಗಲದ ಮಲಿಕ್-ಎ-ಮೈದಾನವನ್ನು ಬುರುಜಿನ ಮೇಲೆ ಇಂದಿಗೂ ಕೂಡಿಸಿಕೊಂಡಿರುವ ಜಿಲ್ಲೆಗೆ ಇಂಥದೊಂದು ಗತಿ!

ಇನ್ನು ಆಫ್ರಿಕದ ನಂಟಿಗೆ ಬರೋಣ. 1907ರಲ್ಲಿ ಬ್ರಿಟಿಷ್ ಸರ್ಕಾರವು .450 ಗಾತ್ರದ ಬೇಟೆ ರೈಫಲುಗಳನ್ನು ಭಾರತಕ್ಕೂ ಸುಡಾನಿಗೂ ತರುವುದನ್ನು ನಿಷೇಧಿಸಿತು. ಕಾರಣವೇನೆಂದರೆ, ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಗುಂಡೂ ಅದೇ ಗಾತ್ರದ್ದು. ದಂಗೆಕೋರರ ಕೈಗೆ ಆ ಬಂದೂಕುಗಳು ಸಾಕಷ್ಟು ಸೇರಿದ್ದವು. ಬೇಟೆಗಾರನ ಹೆಸರಿನಲ್ಲಿ ಬಂದ ಗುಂಡು ಅವರ ನಳಿಗೆಗಳಿಗೆ ಆಹಾರವಾಗಬಹುದೆಂಬುದು ಆಳುವವರ ಭೀತಿ. ಆನೆಯ ಬೇಟೆಗೆ .450 ಅನ್ನೇ ನೆಚ್ಚಿಕೊಂಡಿದ್ದ ಲಂಡನ್ನಿನ ಬಂದೂಕು ತಯಾರಕರು ಭಾರತದ ಮಾರುಕಟ್ಟೆಯನ್ನು ಕಳೆದುಕೊಳ್ಳಲಾರದೆ, ನಿಷೇಧದ ಅಂಕೆಯಿಂದ ಕೂದಲೆಳೆಯಷ್ಟು ಆಚೆ ಸರಿದ ಹೊಸ ಗಾತ್ರಗಳನ್ನು ಮುಂದೊಡ್ಡಿದರು: .465, .470, .475. ಇವುಗಳಲ್ಲಿ .470 ಎಂಬುದು ಆಫ್ರಿಕದಲ್ಲಿ ಆನೆ ಮತ್ತು ಕಾಡೆಮ್ಮೆಗಳ ಬೇಟೆಗೆ ಜೋಡುನಳಿಗೆಯ ರೈಫಲಿನ ಪರ್ಯಾಯನಾಮವೇ ಆಗಿಹೋಗಿದೆ. ಕೀನ್ಯದಲ್ಲಿಯೋ ಟಾಂಗಾನಿಕದಲ್ಲಿಯೋ ದೊರೆಮಗನು ಹೆಗಲ ಮೇಲೆ ಹೊತ್ತ ಆ ಅಮೂಲ್ಯ ಬಂದೂಕಿನ ಗಾತ್ರವನ್ನು ನಿರ್ಣಯಿಸಿದ್ದು ಆನೆಯ ಕಪಾಲದ ದಪ್ಪವಲ್ಲ, ಹಿಂದೂಸ್ಥಾನದ ಬಂಡಾಯಗಾರನ ಭಯವೆಂಬುದು ಇತಿಹಾಸದ ವಿನೋದಗಳಲ್ಲೊಂದು. ನಮ್ಮ ದೇಶದ ಕಥೆಯೂ ಅದೇ ಜಾಡಿನಲ್ಲಿ ಸಾಗಿತು. ಸೈನ್ಯದ .303 ನಾಗರಿಕನಿಗೆ ನಿಷಿದ್ಧವಾದುದರಿಂದ, ಅದರ ಬದಲಿಗೆ .315 ಎಂಬ ಗಾತ್ರವೊಂದು ಬೇಟೆಯ ರೈಫಲಾಗಿ ರೂಢಿಗೆ ಬಂದು, ಸ್ವಾತಂತ್ರ್ಯಾನಂತರವೂ ನಮ್ಮ ಸರ್ಕಾರಿ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುತ್ತ ಬಂದಿತು.

ನಾನು ಹೇಳಬೇಕೆಂದಿರುವುದು ಈ ಎರಡು ಕಥೆಗಳ ನಡುವೆ ಅಡಗಿದೆ. ಆಫ್ರಿಕದ ಬೇಟೆಯ ಕಾನೂನು ಕೇಳುವುದು, ಈ ಪ್ರಾಣಿಗೆ ಈ ಬಂದೂಕು ಸಾಕೆ ಎಂದು. ಭಾರತದ ಆಯುಧ ಕಾನೂನು ಕೇಳುವುದು, ಈ ಮನುಷ್ಯನಿಗೆ ಈ ಬಂದೂಕು ಹೆಚ್ಚಾಯಿತೆ ಎಂದು. ಅಲ್ಲಿಯದು ಕನಿಷ್ಠದ ಮಿತಿ, ಇಲ್ಲಿಯದು ಗರಿಷ್ಠದ ಮಿತಿ. ಅಲ್ಲಿ ಕಾನೂನಿನ ಕಣ್ಣು ಪ್ರಾಣಿಯ ಮೇಲೆ, ಇಲ್ಲಿ ಬಂದೂಕು ಹಿಡಿದವನ ಮೇಲೆ.

1959ರ ನಮ್ಮ ಆಯುಧ ಕಾಯಿದೆಯ ಹದಿಮೂರನೆಯ ಪ್ರಕರಣವನ್ನು ತೆರೆದು ನೋಡಿದರೆ, ನಮ್ಮ ರೈತನ ಬಂದೂಕಿನ ಆಯ್ಕೆಯನ್ನು ಸಂಸತ್ತೇ ಮಾಡಿಟ್ಟಿರುವುದು ಕಾಣುತ್ತದೆ. ಬೆಳೆಯ ಸಂರಕ್ಷಣೆಗೆಂದು ಅರ್ಜಿ ಹಾಕಿದವನಿಗೆ ಸಲ್ಲುವುದು ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕು, ಅಂದರೆ ರೂಢಿಯಲ್ಲಿ ಹನ್ನೆರಡು ಬೋರಿನದು. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮಗಾತ್ರದ ಗುಂಡುಗಳನ್ನು ಎರಕ ಹೊಯ್ದರೆ ಅವುಗಳಲ್ಲಿ ಒಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ ಎಂಬುದು ಆ ಹೆಸರಿನ ಗುಟ್ಟು.

ಬಾಯಿಂದ ತುಂಬುವ ಬಂದೂಕೆಂದರೆ ಏನೆಂಬುದನ್ನು ಪಟ್ಟಣದ ವಾಚಕರು ಕಣ್ಣಾರೆ ಕಂಡಿರಲಾರರು. ನಳಿಗೆಯನ್ನು ಮೇಲ್ಮುಖವಾಗಿ ನಿಲ್ಲಿಸಿ, ಅಂದಾಜಿನ ಮೇಲೆ ಕರಿಮದ್ದನ್ನು ಸುರಿದು, ಅದರ ಮೇಲೆ ತೆಂಗಿನ ನಾರನ್ನೋ ಹಳೆಯ ಅರಿವೆಯ ತುಂಡನ್ನೋ ತುರುಕಿ ಕಬ್ಬಿಣದ ಗಜದಿಂದ ಜಡಿದು, ಸೀಸದ ಚರೆಗಳನ್ನು, ಸೀಸ ಸಿಗದಿದ್ದರೆ ಸೈಕಲ್ಲಿನ ಬೇರಿಂಗಿನ ಕಾಳುಗಳನ್ನೋ ಮೊಳೆಯ ತುಂಡುಗಳನ್ನೋ ಹಾಕಿ, ಮತ್ತೆ ನಾರು ತುರುಕಿ ಮತ್ತೆ ಜಡಿದು, ಹಿಂಬದಿಯ ಮೊಲೆಯ ಮೇಲೆ ಕೇಪು ಏರಿಸಿದ ಮೇಲೆ ಒಂದು ಈಡು ಸಿದ್ಧವಾಗುತ್ತದೆ. ಇಬ್ಬನಿ ಬಿದ್ದ ಮಾಗಿಯ ರಾತ್ರಿಯಲ್ಲಿ ಮದ್ದು ತಂಪು ಹಿಡಿದಿದ್ದರೆ ಕೇಪು ಮಾತ್ರ ಚಟ್ಟನೆ ಸಿಡಿದು ಈಡು ಹಾರುವುದಿಲ್ಲ; ಹಾರಿದರೂ ಮೂವತ್ತು ನಲವತ್ತು ಗಜದಾಚೆ ಚರೆಗಳು ಚದರಿ ಬಲಗುಂದುತ್ತವೆ. ಎರಡನೆಯ ಈಡಿನ ಮಾತೇ ಇಲ್ಲ. ಈ ಸಲಕರಣೆಯ ಎದುರಿಗೆ ನಿಲ್ಲುವ ಪ್ರಾಣಿಯಾದರೂ ಎಂಥದು? ಕ್ವಿಂಟಲ್ ತೂಗುವ ಗಂಡು ಕಾಡಹಂದಿಯ ಭುಜದ ಮೇಲೆ ಬೆರಳ ದಪ್ಪದ, ಗಟ್ಟಿಯಾದ ನರದಂತಹ ಕವಚವೊಂದು ಬೆಳೆದಿರುತ್ತದೆ. ಪ್ರತಿಸ್ಪರ್ಧಿಯ ಕೋರೆಯನ್ನು ತಡೆಯಲು ಪ್ರಕೃತಿ ಕೊಟ್ಟ ಆ ಗುರಾಣಿಯಲ್ಲಿ ಚರೆ ಸಿಕ್ಕಿಕೊಳ್ಳುತ್ತದೆ, ಒಳಗಿನ ಪುಪ್ಪುಸವನ್ನು ಮುಟ್ಟುವುದಿಲ್ಲ. ಹಂದಿ ಕಬ್ಬಿನೊಳಗೆ ನುಗ್ಗಿ ಮಾಯವಾಗುತ್ತದೆ. ಮರುದಿನವೋ ಅದರ ಮರುದಿನವೋ ಕೀವುಗಟ್ಟಿದ ಗಾಯದ ಉರಿಯಲ್ಲಿ ಮಲಗಿರುವ ಅದರ ಮೇಲೆ, ರವದಿ ಸುಲಿಯಲು ಹೋದ ಹೆಣ್ಣಾಳೊಬ್ಬಳು ಅರಿಯದೆ ಕಾಲಿಟ್ಟರೆ ಆಗುವುದೇನೆಂಬುದನ್ನು ನಮ್ಮ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ರೈತನಿಗೆ .315 ರೈಫಲನ್ನೋ ಆಫ್ರಿಕದ .375 ಅನ್ನೋ ಕೊಡಿಸಬೇಕೆಂದು ನಾನು ವಾದಿಸುತ್ತಿದ್ದೇನೆಯೆ? ಸರ್ವಥಾ ಅಲ್ಲ. ಸಿಂದಗಿಯಿಂದ ಇಂಡಿಯವರೆಗಿನ ಎರೆಯ ಬಯಲನ್ನು ಒಮ್ಮೆ ನೋಡಿದವರಿಗೆ ಇದರ ಕಾರಣ ತಾನಾಗಿ ಹೊಳೆಯುತ್ತದೆ. ಅಂಗೈಯಷ್ಟು ಚಪ್ಪಟೆಯಾದ ಭೂಮಿ. ಗುಂಡನ್ನು ಹೀರಿಕೊಳ್ಳಲು ಒಂದು ಗುಡ್ಡವಿಲ್ಲ, ಅರಣ್ಯದ ಹೆಸರಿಗೂ ಹೆಚ್ಚೇನಿಲ್ಲ. ಗುರಿ ತಪ್ಪಿದ ರೈಫಲಿನ ಗುಂಡು ನಾಲ್ಕು ಕಿಲೋಮೀಟರಿನಾಚೆಗೂ ಹೋಗಿ ಬೀಳಬಲ್ಲುದು. ಆ ನಾಲ್ಕು ಕಿಲೋಮೀಟರಿನಲ್ಲಿ ತೋಟದ ಮನೆಗಳು, ಕುರಿಯ ಹಟ್ಟಿಗಳು, ನೀರು ಹಾಯಿಸಲು ರಾತ್ರಿ ಕರೆಂಟು ಬರುವುದನ್ನೇ ಕಾದು ಹೊಲದಲ್ಲಿ ಮಲಗಿದ ರೈತರು, ಎಷ್ಟಿಲ್ಲ? ಚರೆಯಾದರೆ ಕೆಲವು ನೂರು ಮೀಟರಿನೊಳಗೆ ಸೋತು ಬೀಳುತ್ತದೆ. ಆದ್ದರಿಂದ ಸಂಸತ್ತು ನುಣುಪು ನಳಿಗೆಯನ್ನು ಆರಿಸಿದ್ದರಲ್ಲಿ, ಹಳೆಯ ಭೀತಿಯ ವಾಸನೆ ಎಷ್ಟೇ ಇರಲಿ, ವಿವೇಕವೂ ಇಲ್ಲದಿಲ್ಲ. ಬಂದೂಕನ್ನು ಆರಿಸುವವನು ಪ್ರಾಣಿಯನ್ನು ನೋಡಿದಷ್ಟೇ ಪ್ರಾಣಿಯ ಹಿಂದೆ ಏನಿದೆಯೆಂಬುದನ್ನೂ ನೋಡತಕ್ಕದ್ದು; ಆಫ್ರಿಕದ ವೃತ್ತಿನಿರತ ಬೇಟೆಗಾರರು ಹೊಸಬನಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು.

ನನ್ನ ಆಕ್ಷೇಪ ಬೇರೆ. ಗರಿಷ್ಠವನ್ನು ಗೊತ್ತುಮಾಡಿದ ಕಾನೂನು ಕನಿಷ್ಠದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತರೆ, ಕೆಳಗೆ ಕೆಳಗೆ ಇಳಿಯುವುದಕ್ಕೆ ತಳವೇ ಇರುವುದಿಲ್ಲ. ಇಳಿದಿರುವುದನ್ನೂ ಕಾಣುತ್ತಿದ್ದೇವೆ. ಬಂದೂಕು ಸಿಗದವನು ಮೋಟಾರಿನ ಕರೆಂಟನ್ನೇ ಬದುವಿನ ತಂತಿಗೆ ಹರಿಸುತ್ತಾನೆ. ಆ ತಂತಿಗೆ ಹಂದಿಯೂ ಒಂದೆ, ಪಕ್ಕದ ಹೊಲದ ಹುಡುಗನೂ ಒಂದೆ. ಇನ್ನೊಬ್ಬನು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದನ್ನು ಹುದುಗಿಸಿ ಹಂದಿಯ ಜಾಡಿನಲ್ಲಿಟ್ಟು ಬರುತ್ತಾನೆ. ಕಚ್ಚಿದ ಕ್ಷಣ ಅದು ಸಿಡಿದು ಕೆಳದವಡೆ ಹಾರಿಹೋಗುತ್ತದೆ, ಪ್ರಾಣ ಮಾತ್ರ ಹೋಗುವುದಿಲ್ಲ. ಮೇಯಲಾರದೆ, ನೀರು ಕುಡಿಯಲಾರದೆ ಆ ಮೂಕಪ್ರಾಣಿ ಸಾಯಲು ಎಷ್ಟು ದಿನ ಹಿಡಿಯುವುದೋ. ಮೇಯಲು ಬಿಟ್ಟ ಎಮ್ಮೆ ಆಕಳುಗಳು ಅದೇ ಉಂಡೆಗೆ ಬಾಯಿ ಹಾಕಿ ಇದೇ ದುರ್ಗತಿಗೆ ಈಡಾಗುವುದೂ ಉಂಟು. ಇನ್ನು ಭೀಮಾ ತೀರದ ಕಂಟ್ರಿ ಪಿಸ್ತೂಲುಗಳ ಕುಖ್ಯಾತಿಯನ್ನು ನಾಡೆಲ್ಲ ಬಲ್ಲುದು. ಈ ದೇಶದ ಕಳ್ಳ ಕಮ್ಮಾರಿಕೆಯಲ್ಲಿ ಬಹಳ ಬಳಕೆಯಾಗುವ ತೋಟೆಗಳಲ್ಲಿ, ಬೇಟೆಗೆಂದು ಹುಟ್ಟಿದ ಆ .315 ಕೂಡ ಒಂದು. ಗೇಣುದ್ದದ ಕೊಳವೆಯಿಂದ ಹಾರಿಸಿದಾಗ ಅದು ಯಾವ ಮೃಗದ ಬೇಟೆಗೂ ಬಾರದು, ಮನುಷ್ಯನ ಬೇಟೆಗೆ ಮಾತ್ರ ಬರುತ್ತದೆ. ಬಂಡಾಯಗಾರನ ಕೈಗೆ ಆಯುಧ ಸಿಗಬಾರದೆಂದು ನೂರೈವತ್ತು ವರ್ಷ ಕಾವಲು ಕಾದ ಕಾನೂನು ಕಡೆಗೂ ಕಾದದ್ದು ಯಾರನ್ನು?

ಚಿಗರಿಯ ವಿಷಯ ಬೇರೆ. ಕೃಷ್ಣಮೃಗವೆಂದು ಗ್ರಂಥಸ್ಥವಾದ ಆ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಎಳೆಯ ಜೋಳವನ್ನೂ ಕಡಲೆಯನ್ನೂ ಅದು ಮೇಯುವುದು ನಿಜ, ಆದರೆ ಅದರ ಮೇಲೆ ಬಂದೂಕೆತ್ತುವ ಮಾತನ್ನು ನಾನು ಕೇಳಲೂ ಒಲ್ಲೆ. ಈ ಎರೆಯ ಬಯಲುಗಳು ನಮ್ಮದಾಗುವ ಮೊದಲೇ ಅದರದಾಗಿದ್ದವು. ಅಲ್ಲಿ ಸಲ್ಲುವುದು ಪರಿಹಾರಧನವೇ ಹೊರತು ಗುಂಡಲ್ಲ. ಪರಿಹಾರ ಸಕಾಲಕ್ಕೆ, ಪಂಚನಾಮೆಯ ಅಲೆದಾಟವಿಲ್ಲದೆ ರೈತನ ಖಾತೆಗೆ ಬಂದರೆ ಚಿಗರಿಗೆ ಹಗೆಗಳೇ ಇರಲಾರರು. ಕಾಡಹಂದಿ ಹಾಗಲ್ಲ. ಆಲಮಟ್ಟಿ ಮತ್ತು ನಾರಾಯಣಪುರಗಳ ನೀರು ಮುಳವಾಡ, ಚಿಮ್ಮಲಗಿ, ಇಂಡಿ ಕಾಲುವೆಗಳಲ್ಲಿ ಹರಿದಂತೆಲ್ಲ ಕಬ್ಬು ಹಬ್ಬಿತು. ವರ್ಷದುದ್ದಕ್ಕೂ ನಿಂತಿರುವ ಕಬ್ಬೇ ಅದಕ್ಕೆ ಅಡವಿಯಾಗಿ, ಆಹಾರವೂ ಆಗಿ, ಹುಲಿ ಚಿರತೆಗಳ ಅಂಕೆಯಿಲ್ಲದ ಸೀಮೆಯಲ್ಲಿ ಅದರ ಸಂತಾನ ಬೆಳೆಯಿತೆಂಬುದು ನನ್ನ ತಿಳಿವಳಿಕೆ. ಮನುಷ್ಯನೇ ತಂದುಕೊಂಡ ಈ ಏರುಪೇರನ್ನು ಮನುಷ್ಯನೇ ಅಂಕೆಯಲ್ಲಿಡಬೇಕಾದೀತು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ನಿಂತು ಕೊಲ್ಲುವ ಮಾತನ್ನಾಡಬಹುದೆ ಎಂದು ಕೇಳುವ ಸಜ್ಜನರಿದ್ದಾರೆ, ಅವರ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಆದರೆ ಕೊಲೆಯನ್ನು ಕಾಗದದ ಮೇಲೆ ನಿಷೇಧಿಸಿ, ಹೊಲದಲ್ಲಿ ದವಡೆ ಹಾರಿದ ಹಂದಿಯನ್ನು ಕಂಡೂ ಕಾಣದಂತೆ ಹೋಗುವುದನ್ನು ದಯೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇನ್ನು ಕೆಲವರು, ಆಫ್ರಿಕದ ಕಾನೂನನ್ನು ಹೊಗಳುವುದೇಕೆ, ಅದು ಹಣವಂತ ಪರದೇಶಿಯ ವಿಲಾಸಕ್ಕಾಗಿ ಬರೆದದ್ದಲ್ಲವೆ ಎನ್ನುತ್ತಾರೆ. ನಿಜವೆ. ವಸಾಹತುಗಳ ಕಾಲದಲ್ಲಿ ಅಲ್ಲಿಯ ಮೂಲನಿವಾಸಿಯ ಬಿಲ್ಲುಬಾಣವನ್ನು ಕಳ್ಳಬೇಟೆಯೆಂದು ಹೀಗಳೆದು ಬಿಳಿಯನ ರೈಫಲನ್ನು ಕ್ರೀಡೆಯೆಂದು ಹೊಗಳಿದ ಇತಿಹಾಸ ಆ ಕಾನೂನುಗಳ ಬೆನ್ನಿಗಿದೆ. ಕೀನ್ಯ 1977ರಲ್ಲಿ ಬೇಟೆಯನ್ನೇ ನಿಲ್ಲಿಸಿತು. ಬೋಟ್ಸ್ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ಅವರ ಜಗಳ ಅವರಿಗಿರಲಿ. ವಿಲಾಸಕ್ಕಾಗಿ ಕೊಲ್ಲುವವನಿಗೇ ಇಷ್ಟು ಕಟ್ಟುನಿಟ್ಟಿರುವಾಗ, ಅನಿವಾರ್ಯವಾಗಿ ಕೊಲ್ಲಬೇಕಾದಲ್ಲಿ ಏನೂ ಕಟ್ಟುನಿಟ್ಟಿಲ್ಲದಿರುವುದು ನ್ಯಾಯವೆ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮಲ್ಲಿಯೂ ಕನಿಷ್ಠದ ಕಲ್ಪನೆ ಒಂದು ಕಾಲಕ್ಕೆ ಇದ್ದಿತು. 1972ರ ಕಾಯಿದೆಯ ಮೂಲರೂಪದಲ್ಲಿ, ಪರವಾನಗಿಯ ಬೇಟೆಗೆ ಇನ್ನೂ ಅವಕಾಶವಿದ್ದಾಗ, ದೊಡ್ಡ ಮೃಗಗಳನ್ನು ರೈಫಲಿನಿಂದಲೇ ಹೊಡೆಯತಕ್ಕದ್ದು, ವಿಶೇಷ ಅನುಮತಿಯಿದ್ದರೆ ಮಾತ್ರ ಒಂಟಿಗುಂಡು ಹಾಕಿದ ತೋಟೆಯ ಬಂದೂಕಿನಿಂದ ಎಂಬ ನಿಯಮ ಹದಿನೇಳನೆಯ ಪ್ರಕರಣದಲ್ಲಿತ್ತು. ಸಿಡಿಮದ್ದು, ವಿಷ, ಉರುಲುಗಳ ನಿಷೇಧವೂ ಅಲ್ಲಿಯೇ ಇತ್ತು. 1991ರ ತಿದ್ದುಪಡಿಯಲ್ಲಿ ಬೇಟೆಯ ಪರವಾನಗಿಗಳೊಡನೆ ಆ ಪ್ರಕರಣವೂ ಹೋಯಿತು. ಆದರೆ ಹನ್ನೊಂದನೆಯ ಪ್ರಕರಣ ಉಳಿದಿದೆ; ಬೆಳೆಗೆ ಹಾನಿ ಮಾಡುವ, ಮೊದಲನೆಯ ಅನುಸೂಚಿಗೆ ಸೇರದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣವನ್ನು ಬರೆದು ಅನುಮತಿ ಕೊಡಬಹುದು. ಕೇರಳವು 2022ರಲ್ಲಿ ಕಾಡಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯತಿಗಳವರೆಗೆ ಇಳಿಸಿತು. ಹೀಗೆ ಕೊಲ್ಲುವ ಬಾಗಿಲು ಉಳಿಯಿತು, ಹೇಗೆ ಕೊಲ್ಲಬೇಕೆಂಬ ವಿಧಿ ಮಾತ್ರ ಹೋಯಿತು. ಮೇಲಾಗಿ, ಪರವಾನಗಿ ಇದ್ದವನ ಬಂದೂಕಾದರೂ ಹೊಲದಲ್ಲಿರುತ್ತದೆಯೆ? ಲೋಕಸಭೆ, ವಿಧಾನಸಭೆ, ಪಂಚಾಯತಿಗಳೆಂದು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವುದು ವಾಡಿಕೆ. 2023ರಲ್ಲಿಯೂ 2024ರಲ್ಲಿಯೂ ಮಾರ್ಚಿ ತಿಂಗಳಿನಲ್ಲಿ ನೀತಿಸಂಹಿತೆ ಜಾರಿಯಾಯಿತು. ಹೊಲಗಳು ಬರಿದಾಗಿ ಹಸಿರೆಂಬುದು ಕಬ್ಬಿನಲ್ಲಿ ಮಾತ್ರ ಉಳಿಯುವ, ಹಂದಿಗಳೆಲ್ಲ ಅಲ್ಲಿಗೇ ಸೇರುವ ಕಾಲವದು. ನೀತಿಸಂಹಿತೆಯ ಸಮಾಚಾರ ಹಂದಿಗೆ ತಲುಪಿರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ರೈತನ ಕೈಗೆ ರೈಫಲು ಬೇಡ. ತಾಲೂಕಿಗೆ ಕೆಲವರಂತೆ, ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು, ಅವರು ಅರಣ್ಯ ಇಲಾಖೆಯವರಾಗಲಿ ನಿವೃತ್ತ ಯೋಧರಾಗಲಿ, ಈ ಕೆಲಸಕ್ಕೆ ಗೊತ್ತುಮಾಡಬಹುದು. ಇಂಡಿಯಲ್ಲಿಯೂ ಸಿಂದಗಿಯಲ್ಲಿಯೂ ಸೇನೆಯಿಂದ ನಿವೃತ್ತರಾದವರು ಇಲ್ಲದಿಲ್ಲ. ನೆಲಮಟ್ಟದಲ್ಲಿ ನಿಂತು ಹೊಡೆಯದೆ ಎತ್ತರದ ಅಟ್ಟಣೆಯಿಂದ ಕೆಳಮುಖವಾಗಿ ಹೊಡೆದರೆ ತಪ್ಪಿದ ಗುಂಡನ್ನು ನಮ್ಮ ಎರೆಯ ಮಣ್ಣೇ ನುಂಗಿಕೊಳ್ಳುತ್ತದೆ; ಜೋಳದ ಕಾವಲಿಗೆಂದು ನಮ್ಮ ಹಿರಿಯರು ಕಟ್ಟುತ್ತಿದ್ದ ಅಟ್ಟಣೆ ಈ ಕೆಲಸಕ್ಕೂ ಒದಗುತ್ತದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಪತ್ರದಲ್ಲಿ ಯಾವ ಪ್ರಾಣಿ, ಯಾವ ಊರು, ಎಷ್ಟು ದಿನ ಎಂಬುದರ ಜೊತೆಗೆ, ಯಾವ ಬಂದೂಕು, ಕಡಮೆಯೆಂದರೆ ಎಷ್ಟು ಶಕ್ತಿಯ ಗುಂಡು, ಹೆಚ್ಚೆಂದರೆ ಎಷ್ಟು ದೂರದಿಂದ ಎಂಬುದನ್ನೂ ಬರೆದರೆ ಅರ್ಧ ಪುಟ ಹೆಚ್ಚಾದೀತು, ಅಷ್ಟೆ. ಇನ್ನೊಂದು ಅಂಕಣ ಗಾಯಗೊಂಡು ತಪ್ಪಿಸಿಕೊಂಡವುಗಳದ್ದು. ಆಫ್ರಿಕದ ಬೇಟೆಯ ಕರಾರುಗಳಲ್ಲಿ ಸಾಮಾನ್ಯವಾದ ಷರತ್ತೊಂದುಂಟು: ನೆಲದ ಮೇಲೆ ಒಂದು ತೊಟ್ಟು ರಕ್ತ ಕಂಡರೆ, ಪ್ರಾಣಿ ಸಿಗಲಿ ಸಿಗದಿರಲಿ, ಅದು ಸತ್ತ ಲೆಕ್ಕಕ್ಕೆ ಸೇರುತ್ತದೆ ಮತ್ತು ಅದರ ಪೂರ್ತಿ ಶುಲ್ಕವನ್ನು ಬೇಟೆಗಾರ ತೆರಬೇಕು. ಇದರಿಂದ ಆ ಶ್ರೀಮಂತನು ಗುಂಡು ಹಾರಿಸುವ ಮೊದಲು ಎರಡು ಸಲ ಯೋಚಿಸುತ್ತಾನೆ, ಹಾರಿಸಿದ ಮೇಲೆ ರಕ್ತದ ಜಾಡು ಹಿಡಿದು ಸಂಜೆಯವರೆಗೂ ನಡೆಯುತ್ತಾನೆ. ಹತ್ತು ಹಂದಿಗೆ ಅನುಮತಿ ಪಡೆದವನು ಆರನ್ನು ಕೊಂದು ನಾಲ್ಕನ್ನು ಗಾಯಗೊಳಿಸಿ ಕಳೆದುಕೊಂಡರೆ ಅವನ ಹತ್ತೂ ಮುಗಿಯಿತೆಂದು ನಮ್ಮ ಅರಣ್ಯಾಧಿಕಾರಿಯ ವಹಿಯಲ್ಲಿ ಬರೆಯತಕ್ಕದ್ದು. ಆ ನಾಲ್ಕನ್ನು ಹುಡುಕಿ ಮುಗಿಸುವವರೆಗೆ ಹನ್ನೊಂದನೆಯದರ ಅರ್ಜಿಯನ್ನು ಮೇಜಿನ ಮೇಲಕ್ಕೂ ತರತಕ್ಕದ್ದಲ್ಲ.